ಹೊರಟು ನಿಂತ ಪಾದಗಳು

ಚಿತ್ರವನ್ನು ನೋಡುವುದು ಬೇರೆ, ಓದುವುದು ಬೇರೆ. ಈ ಮಾತು ಹೇಳಿಯೇ ನಾನು ಸಂಬಳ ತೆಗೆದುಕೊಳ್ಳುವುದು. ವಿಶಾಖಪಟ್ಟಣದಲ್ಲಿ ಅಪ್ಪನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಕುಳಿತು, ವಿದೇಶಿ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿಗಳಿಗೆ ಮನೆಯ ಫೋನಿನ ತಂತಿಯಲ್ಲೇ ಬರುವ ಇಂಟರ್‌ನೆಟ್ಟಿನ ಮೂಲಕ ಚಿತ್ರ ಓದುವುದನ್ನು ಕಲಿಸುತ್ತೇನೆ. ಒಂದು ಫೋಟೋ ಅವರಿಗೆ ತಲುಪುವಷ್ಟರಲ್ಲಿ ಅಮ್ಮ ಅಕ್ಕಿ ಆರಿಸಿ, ತೊಳೆದು, ಅನ್ನ ಮಾಡಿ ಮುಗಿಸುತ್ತಾಳೆ. ಅಷ್ಟು ಹೊತ್ತೂ ಫೋನು ಎಂಗೇಜ್ ಇರುವುದರಿಂದಲೇ ನನಗೆ ಸಂಬಂಧಗಳು ಬರುತ್ತಿಲ್ಲ ಎಂಬುದು ಅವಳ ದೃಢ ನಂಬಿಕೆ. ಅಂತರರಾಷ್ಟ್ರೀಯ ಶಿಕ್ಷಣದಿಂದ ನನಗಾದ ನಿಜವಾದ ಲಾಭ ಅದೇ ಎಂದು ನಾನು ಬಾಯಿಬಿಟ್ಟು ಹೇಳಿಲ್ಲ.

ಹಾಗಿದ್ದೂ ವಿಜಯವಾಡದಿಂದ ಒಂದು ಸಂಬಂಧ ನುಸುಳಿತು. ಹುಡುಗ ಧಾರವಾಡದ ಕಡೆಯವನು. ಬ್ಯಾಂಕಿನವರು ವರ್ಗ ಮಾಡಿ ಅಲ್ಲಿಗೆ ಕಳಿಸಿದ್ದರು. ಮದುವೆಯಾಗಿ ಅಲ್ಲಿಗೆ ಹೋಗುವ ಮನಸ್ಸು ನನಗಿರಲಿಲ್ಲ. ಮನಸ್ಸಿನ ವಿಷಯ ಯಾರೂ ಕೇಳಿರಲಿಲ್ಲ; ಫೋಟೋ ಕೇಳಿದ್ದರು. ಅಮ್ಮ ತನ್ನ ರೇಷ್ಮೆ ಸೀರೆ ಉಡಿಸಿ, ಸ್ಟುಡಿಯೋದ ಹಿಮಪರ್ವತದ ಪರದೆಯ ಮುಂದೆ ನನ್ನನ್ನು ನಿಲ್ಲಿಸಿದಳು. "ಕೊಂಚೆಂ ನವ್ವಂಡಿ ಮೇಡಂ," ಎಂದು ಫೋಟೋದವನು ಬೇಡಿಕೊಂಡ. ಕೊಂಚವೇ ನಕ್ಕೆ.

ಇಷ್ಟು ಕಷ್ಟಪಟ್ಟ ಫೋಟೋ ವ್ಯರ್ಥವಾಗಬಾರದಲ್ಲ? ಮುಖದ ಭಾಗ ಕತ್ತರಿಸಿ ತೆಗೆದು ತರಗತಿಗೂ ಹಾಕಿದೆ: 'ಅಪರಿಚಿತ ಮಹಿಳೆ. ಈ ಚಿತ್ರ ಏನು ಹೇಳುತ್ತದೆ?' ಮನೆಯ ವಿಷಯ ಹೊರಗೆ ಬಿಡುವವಳಲ್ಲ ನಾನು. ಮುಖವೇ ಇಲ್ಲದ ಮೇಲೆ ಗೊತ್ತಾಗುವುದೇನು? ಪೋಲೆಂಡಿನ ಹುಡುಗನೊಬ್ಬ, 'ಇಷ್ಟು ಹಿಮದಲ್ಲಿ ಬರಿಗಾಲು. ಯಾವುದೋ ಕಠಿಣ ವ್ರತದಲ್ಲಿರಬೇಕು' ಎಂದು ಬರೆದ. ಅವನಿಗೆ ಪೂರ್ತಿ ಅಂಕ ಕೊಟ್ಟೆ. ಕೀನ್ಯಾದ ಹುಡುಗಿ, 'ಸೀರೆ ಇವಳದಲ್ಲ. ಪಾದಗಳು ಆಗಲೇ ಚಿತ್ರದಿಂದಾಚೆ ಹೊರಟಿವೆ. ಇವಳಿಗೆ ಇಲ್ಲಿರಲು ಇಷ್ಟವಿಲ್ಲ' ಎಂದಳು. 'ಊಹೆ ಹೆಚ್ಚು, ಆಧಾರ ಕಡಿಮೆ' ಎಂದು ಷರಾ ಬರೆದು ಅಂಕ ಕತ್ತರಿಸಿದೆ.

ಭಾನುವಾರ ಹುಡುಗನ ತಾಯಿಯ ಫೋನು ಬಂತು. ಅವರ ದನಿಗೆ ರಿಸೀವರಿನ ಅಗತ್ಯವೇನೂ ಇರಲಿಲ್ಲ; ಅಡುಗೆಮನೆಯವರೆಗೂ ಕೇಳಿಸಿತು.

"ಫೋಟೋ ಚಂದ ಬಂದದರೀ. ಆದ್ರ ಮಾರಿ ಇತ್ತ ಅದ, ಕಾಲು ಅತ್ತ ಹೊಂಟಾವ. ಒಲ್ಲದ ಹುಡುಗೀನ್ನ ಕರಕೊಂಡ ಬಂದು ನಾವೇನ್ ಮಾಡೋಣ್ರೀ? ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ."

ಅಮ್ಮ ಫೋನಿಟ್ಟು ನನ್ನ ಕಡೆ ತಿರುಗಿದಳು. "ದುಡ್ಡು ಕೊಟ್ಟವರಿಗೆ ನೀನು ವರ್ಷಗಟ್ಟಲೆ ಕಲಿಸ್ತೀಯ. ಆಯಮ್ಮ ಪುಕ್ಕಟೆ ಓದಿಬಿಟ್ಟರು ನೋಡೇ!"

ನಾನು ಬಯಸಿದ್ದ ಉತ್ತರವೇ ಬಂದಿತ್ತು. ಹೋಗಿ ಕೀನ್ಯಾದ ಹುಡುಗಿಗೆ ಅವಳ ಅಂಕ ವಾಪಸು ಕೊಟ್ಟು ಬಂದೆ. ಆಮೇಲೆ, ಸುಮ್ಮನೆ ಮಾಹಿತಿಗಾಗಿ, "ಆ ಹುಡುಗ ಫೋಟೋ ನೋಡಿದನಂತಾ?" ಎಂದು ಕೇಳಿದೆ.

ಅಮ್ಮ ನನ್ನ ಪಾದಗಳನ್ನು ನೋಡಿದಳು. ಅವು ಫೋನಿನ ಕಡೆ ತಿರುಗಿದ್ದವು.