ಆರ್ವಲ್‌ನ ಪ್ರಾಣವಿದ್ದ ತಟ್ಟೆ

ಡ್ಯೂಯಿ ಪ್ರೂಯಿಟ್‌ಗೆ ಆ ಶನಿವಾರ ಬಂದ ಗಂಡಾಂತರಕ್ಕೆಲ್ಲ ಕಾರಣ ಅರ್ಧ ಬುಟ್ಟಿ ಪೀಚ್ ಹಣ್ಣು. ಹುಡುಗಿಯ ಮನೆಗೆ ಬರಿಗೈಯಲ್ಲಿ ಹೋಗಬಾರದು ಎಂದು ಅವನಿಗೆ ಅನ್ನಿಸಿತ್ತು. ಅಷ್ಟೇ.

ಹುಡುಗಿ ಎಂದರೆ ಆರ್ಲೀಟಾ ಸ್ಟಬಲ್‌ಫೀಲ್ಡ್. ಅವಳು ನಕ್ಕರೆ ಆಯಿಲ್‌ಡೇಲ್ ಊರಿನ ಸುತ್ತ ನೆಲದಿಂದ ಎಣ್ಣೆ ಎತ್ತುವ ಪಂಪುಗಳು ಕೂಡ ತಲೆಯಾಡಿಸುವುದನ್ನು ಮರೆತು ಒಂದು ಗಳಿಗೆ ನಿಲ್ಲುತ್ತವೆ ಎಂದು ಡ್ಯೂಯಿ ನಂಬಿದ್ದ. ಮದುವೆಗೆ ಅವಳು ಒಪ್ಪಿದ್ದಳು. ಒಪ್ಪಬೇಕಾದವನು ಅವಳಪ್ಪ ಆರ್ವಲ್. ಅಜ್ಜಿ ಕತೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುವ ಹಾಗೆ ಆರ್ವಲ್‌ನ ಪ್ರಾಣ ಒಂದು ಕಪ್ಪು ತಟ್ಟೆಯಲ್ಲಿತ್ತು. ಅದು ‘ಟಂಬಲ್‌ವೀಡ್ ಪೋಸ್ಟ್ ಆಫೀಸ್’ ಎಂಬ ತಂಡದವರ ಮೊದಲ ರೆಕಾರ್ಡು.

ಮಗಳನ್ನು ಕೇಳಿಕೊಂಡು ಬಂದವರಿಗೆ ಆರ್ವಲ್ ಸಂಬಳ ಎಷ್ಟು ಎಂದು ಕೇಳುತ್ತಿರಲಿಲ್ಲ, ಯಾವ ಚರ್ಚು ಎಂದೂ ಕೇಳುತ್ತಿರಲಿಲ್ಲ. ಹೆಂಡತಿ ವೆಲ್ಮಾಳಿಂದ ಆ ರೆಕಾರ್ಡು ತರಿಸಿ ಕೈಗೆ ಕೊಟ್ಟು, “ಕೇಳ್ಕೊಂಡು ಬಾ. ಶನಿವಾರ ಸಂಜೆ ಜಗಲಿ ಮೇಲೆ ಎಲ್ಲರ ಮುಂದೆ ಅಭಿಪ್ರಾಯ ಹೇಳು,” ಎನ್ನುತ್ತಿದ್ದ. ಮೊದಲು ಬಂದವನು “ಚೆನ್ನಾಗಿದೆ ಸರ್” ಎಂದ. “ಸೂಪೂ ಚೆನ್ನಾಗಿರುತ್ತೆ, ಬೂಟ್ಸೂ ಚೆನ್ನಾಗಿರುತ್ತೆ. ಹೊರಡು,” ಎಂದ ಆರ್ವಲ್. ಇನ್ನೊಬ್ಬ, ಎರಡನೇ ಮುಖದ ಹಾಡುಗಳೇ ವಾಸಿ ಎಂದು ಮೆಟ್ಟಿಲಿಳಿದ. ಮೂರನೆಯವನು ಸಂಗೀತ ಕಲಿತವನು. “ಸ್ಟೀಲ್ ಗಿಟಾರು ಯಾಕೋ ಶ್ರುತಿ ತಪ್ಪಿದೆ ಸರ್” ಎಂದು ಬಾಯಿ ಬಿಟ್ಟ. ಆರ್ವಲ್ ಅವನ ಟೋಪಿಯನ್ನು ಬೀದಿಗೆ ಎಸೆದ. ವೆಲ್ಮಾ ಮಾತ್ರ ಆ ಹುಡುಗನ ಹಿಂದೆಯೇ ಓಡಿಹೋಗಿ, ಪಾಪ, ತಾನು ಬೇಯಿಸಿದ ಒಂದು ಇಡೀ ಹಣ್ಣಿನ ಪೈ ಕಟ್ಟಿಕೊಟ್ಟು ಬಂದಳು.

ಟೋಪಿ ಬೀದಿಗೆ ಹೋದದ್ದು ಏಕೆಂದರೆ, ಸ್ಟೀಲ್ ಗಿಟಾರಿನ ವಿಚಾರದಲ್ಲಿ ಆರ್ವಲ್‌ನದೇ ಒಂದು ಅಭಿಪ್ರಾಯವಿತ್ತು. ಇಡೀ ಬೀದಿಗೆ ಅದು ಪ್ರಾರ್ಥನೆಯಂತೆ ಬಾಯಿಪಾಠ.

“ಆ ಗಿಟಾರು ಓಲಾಡುತ್ತೆ ಕಣ್ರಯ್ಯ. ಕುಡಿದವನು ಕಾಲುವೆ ದಂಡೆ ಮೇಲೆ ಮನೆಗೆ ಹೋಗ್ತಾನಲ್ಲ, ಹಾಗೆ. ಇಗೋ ಬಿದ್ದ, ಇಗೋ ಬಿದ್ದ ಅನ್ಸುತ್ತೆ. ಬೀಳಲ್ಲ. ಲೋಕದಲ್ಲಿ ಇನ್ಯಾವನಿಗೂ ಹಾಗೆ ನುಡಿಸೋಕೆ ಬರಲ್ಲ.”

ಅವನು ಕೇಳುವ ಕ್ರಮವೂ ಪ್ರಾರ್ಥನೆಯಂತೆಯೇ. ಪ್ಲೇಯರ್ ಕಿಟಕಿಯ ಒಳಗೆ. ರೆಕಾರ್ಡು ಹಾಕಿ ಮುಳ್ಳಿಡುವವಳು ವೆಲ್ಮಾ. ಆರ್ವಲ್ ಹೊರಗೆ ತೂಗುಕುರ್ಚಿಯಲ್ಲಿ ಕೂತು, ಮೊದಲ ಸ್ವರಕ್ಕೇ ಕಣ್ಣು ಮುಚ್ಚುತ್ತಿದ್ದ. ಸಂಗೀತವನ್ನು ಕಣ್ಣಿನಿಂದ ಕೇಳುವವರು ಟೀವಿ ನೋಡಲಿ ಎಂದು ಅವನ ಮತ.

ಡ್ಯೂಯಿ ಟೈರು ಅಂಗಡಿಯಲ್ಲಿ ಕೆಲಸ ಮಾಡುವವನು. ಅವನಿಗಿದ್ದದ್ದು ಪಿಕಪ್ಪಿನಲ್ಲಿ ಕ್ಯಾಸೆಟ್ ಹಾಕುವ ಡಬ್ಬಿ ಒಂದೇ. ಆರ್ವಲ್ ಕೊಟ್ಟ ರೆಕಾರ್ಡನ್ನು ಮಂಚದ ಕೆಳಗಿಟ್ಟು, ಕವರು ಬಿಚ್ಚಲೂ ಹೆದರಿ, ವಾರವೆಲ್ಲ ಅದಕ್ಕೆ ಗುಡ್ ನೈಟ್ ಹೇಳಿ ಮಲಗುತ್ತಿದ್ದ. ಶನಿವಾರ ಬೆಳಿಗ್ಗೆ ಪಕ್ಕದ ಬೀದಿಯ ಮಿಸ್ ಓಪಲ್ ಮನೆಯಲ್ಲಿ ಕೇಳುವುದೆಂದು ನಿಶ್ಚಯಿಸಿ ಹೊರಟ. ದಾರಿಯಲ್ಲಿ ಪೀಚ್ ಹಣ್ಣಿನ ಗಾಡಿ ಕಂಡಿತು.

“ಆರ್ವಲ್ ರೆಕಾರ್ಡು ಈಗ ನಿನ್ನ ಹತ್ರ ಇದೆಯಂತೆ?” ಎಂದ ಹಣ್ಣಿನವನು, ಬುಟ್ಟಿಯನ್ನು ಕೊಡದೆ ಹಿಡಿದುಕೊಂಡೇ. “ನಂದೊಂದು ಅಭಿಪ್ರಾಯ ಹೇಳ್ತೀನಿ, ನಿಂಗೆ ಉಪಯೋಗಕ್ಕೆ ಬರುತ್ತೆ.”

ಆ ತಂಡ ಒಡೆದದ್ದು ಯಾಕೆ, ಬ್ಯಾಂಜೋದವನ ಹೆಂಡತಿ ಯಾರ ಜೊತೆ ಹೋದಳು, ಡೋಲಿನವನಿಗೆ ಗಡ್ಡ ಯಾಕೆ ಒಪ್ಪುತ್ತಿರಲಿಲ್ಲ ಎಂಬುದೆಲ್ಲ ಮುಗಿಯುವಷ್ಟರಲ್ಲಿ ಜುಲೈ ತಿಂಗಳ ಸೂರ್ಯ ನೆತ್ತಿಗೆ ಬಂದಿದ್ದ. ಡ್ಯೂಯಿ ಪಿಕಪ್ಪಿನ ಬಾಗಿಲು ತೆಗೆದ. ಒಳಗಿನಿಂದ ಒಲೆಯ ಬಾಯಿ ತೆರೆದಂತೆ ಬಿಸಿ ಹೊಡೆಯಿತು. ಮುಂದಿನ ಗಾಜಿನ ಕೆಳಗೆ, ತಾನೇ ಜೋಪಾನವಾಗಿ ಇಟ್ಟ ಜಾಗದಲ್ಲಿ, ರೆಕಾರ್ಡು ಬಿಸಿಲು ಕಾಯಿಸುತ್ತಿತ್ತು. ಕವರಿನಿಂದ ಹೊರಗೆಳೆದ. ಎಣ್ಣೆಗೆ ಬಿಟ್ಟ ಹಪ್ಪಳದಂತೆ ಅದು ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದಿತ್ತು.

ಡ್ಯೂಯಿಯ ಕಣ್ಣಮುಂದೆ ಆರ್ಲೀಟಾ ಬಿಳಿ ಗೌನು ತೊಟ್ಟು, ಸಂಗೀತ ಕಲಿತ ಆ ಮೂರನೆಯವನ ತೋಳು ಹಿಡಿದು ಹೋದಂತಾಯಿತು.

ಬೀದಿಯವರೆಲ್ಲ ಮಿಸ್ ಎಂದು ಕರೆದರೂ ಓಪಲ್ ವಿಧವೆ. ದೊಡ್ಡ ಶರೀರ, ಅದಕ್ಕಿಂತ ದೊಡ್ಡ ಧೈರ್ಯ. ರೆಕಾರ್ಡನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, “ಇಷ್ಟೇನಾ? ಅಳ್ಬೇಡ ಮಗು,” ಎಂದಳು. “ಎರಡು ಗಾಜಿನ ಮಧ್ಯೆ ಇಟ್ಟು ಓವನ್ನಲ್ಲಿ ಸಣ್ಣಗೆ ಬಿಸಿ ಮಾಡೋದು, ಮೇಲೆ ಭಾರ ಹೇರಿ ಆರಿಸೋದು. ಬಿಸ್ಕೆಟ್ಟು ಮಾಡಿದಷ್ಟೇ ಸುಲಭ.”

“ಮುಂಚೆ ಮಾಡಿದೀರಾ ಮಿಸ್ ಓಪಲ್?”

“ಬಿಸ್ಕೆಟ್ಟಾ? ಬೇಕಾದಷ್ಟು.”

ಒಂದು ಗಾಜಿಗೆ ಅವಳು ಗೋಡೆಯ ಮೇಲಿದ್ದ ಗಂಡನ ಫೋಟೋ ಬಿಚ್ಚಿದಳು, ಇನ್ನೊಂದಕ್ಕೆ ಏಸುವಿನದು. ತಟ್ಟೆ ಒಳಗೆ ಹೋಗುವ ಹೊತ್ತಿಗೆ ಬೇಲಿ ಹಾರಿ ರೂಡಿ ಝಮೋರಾ ಬಂದ. ಡ್ಯೂಯಿಯ ಜೊತೆ ಟೈರು ಅಂಗಡಿಯಲ್ಲೇ ದುಡಿಯುವವನು. ಓಪಲ್‌ಳ ಪಕ್ಕದ ಮನೆಯವನು. ಅಡುಗೆಯ ವಾಸನೆ ಬರದೆ ಓವನ್ನು ಉರಿದರೆ ಅವನಿಗೆ ಸಮಾಧಾನವಿರುತ್ತಿರಲಿಲ್ಲ.

“ಏನೋ ಇದು, ಊಟಕ್ಕೆ ರೆಕಾರ್ಡಾ?” ಎಂದು ಓವನ್ನಿನ ಬಾಗಿಲ ಗಾಜಿನಲ್ಲಿ ಇಣುಕಿದ. ವಿಷಯ ತಿಳಿದ ಮೇಲೆ ಕುರ್ಚಿ ಎಳೆದುಕೊಂಡು ಕೂತ. “ಹೋಗ್ಲಿ ಬಿಡು. ಒಂದು ಫೋಕ್ ರಾಕ್ ರೆಕಾರ್ಡಿಗೆ ಇಷ್ಟೊಂದು ಒದ್ದಾಟ ಯಾಕೆ.”

ಮಿಸ್ ಓಪಲ್ ನಿಧಾನವಾಗಿ ತಿರುಗಿದಳು. “ಫೋಕ್ ರಾಕ್ ಅಂದ್ಯಾ? ಅದು ಅಪ್ಪಟ ಕಂಟ್ರಿ ರಾಕ್. ಸ್ಟೀಲ್ ಗಿಟಾರು ಇದೆ, ಕಿವಿ ಕೇಳಲ್ವಾ ನಿಂಗೆ?”

“ಹಲ್ಲಿದ್ದ ಮಾತ್ರಕ್ಕೆ ಕುದುರೆ ಮೊಸಳೆ ಆಗುತ್ತಾ ಸೆನ್ಯೋರಾ? ಹಾಡಿನಲ್ಲಿ ಗಾಳಿ, ನದಿ, ‘ಯುದ್ಧ ಬೇಡ’ ಅನ್ನೋದು, ಇದೇ ತಾನೇ? ಕಂಟ್ರಿ ಹಾಡಾಗಿದ್ರೆ ಅದರಲ್ಲಿ ಇಷ್ಟೊತ್ತಿಗೆ ಯಾರಾದ್ರೂ ಜೈಲಿಗೆ ಹೋಗಿರೋರು.”

“ಎರಡನೇ ಹಾಡಲ್ಲಿ ಹೋಗ್ತಾನೆ!”

“ಯುದ್ಧ ಬೇಡ ಅಂದಿದ್ದಕ್ಕೆ ಹೋಗ್ತಾನೆ. ಅದು ಫೋಕ್ ಜೈಲು.”

ಕೋಪ ಬಂದಾಗಲೆಲ್ಲ ಓಪಲ್ ಓವನ್ನಿನ ಗುಂಡಿಯನ್ನು ಒಂದು ಸುತ್ತು ಏರಿಸುತ್ತಿದ್ದಳು. ವಾದದಲ್ಲಿ ಗೆದ್ದೆ ಎನ್ನಿಸಿದಾಗಲೆಲ್ಲ ರೂಡಿ ಅದನ್ನು ಇಳಿಸುತ್ತಿದ್ದ. ನಡುವೆ ನಿಂತ ಡ್ಯೂಯಿ ಒಮ್ಮೆ ಬಾಗಿಲು ತೆಗೆದು ಬೆರಳು ಸುಟ್ಟುಕೊಂಡ, ಇನ್ನೊಮ್ಮೆ ಬಾಗಿಲು ಹಾಕಿ ಹೆಬ್ಬೆರಳು ಜಜ್ಜಿಕೊಂಡ. ಕೊನೆಗೆ ಗಾಜುಗಳನ್ನು ಹೊರಗೆ ತೆಗೆದು ಬೆಂಚಿನ ಮೇಲಿಟ್ಟರು. ಮೇಲೊಂದು ಹಲಗೆ ಇಟ್ಟರು.

“ಭಾರ ಏನು ಹೇರೋದು?” ಎಂದ ಡ್ಯೂಯಿ.

ಮಿಸ್ ಓಪಲ್ ಹೋಗಿ ಹಲಗೆಯ ಮೇಲೆ ಕೂತಳು. ಮಧ್ಯಾಹ್ನ ಕಳೆಯುವವರೆಗೂ ಏಳಲಿಲ್ಲ. ಕೂತಲ್ಲಿಂದಲೇ ಡ್ಯೂಯಿಗೆ ಪಾಠ ಹೇಳಿದಳು. “ನಿನ್ನ ಬುದ್ಧಿ ಖರ್ಚು ಮಾಡೋಕೆ ಹೋಗ್ಬೇಡ. ಆರ್ವಲ್ ಹೇಳೋದನ್ನೇ ವಾಪಸ್ ಹೇಳು. ಓಲಾಟ ಅನ್ನು, ಕಾಲುವೆ ಅನ್ನು. ಯಾವ ಗಂಡಸಿಗೂ ತನ್ನ ಅಭಿಪ್ರಾಯ ಇನ್ನೊಬ್ಬನ ಬಾಯಲ್ಲಿ ಕೇಳೋದು ಅಂದ್ರೆ ತುಂಬ ಇಷ್ಟ.”

ಅವಳು ಎದ್ದಾಗ ರೆಕಾರ್ಡು ಗಾಳಿಯಿಲ್ಲದ ದಿನದ ಕೆರೆಯಂತೆ ಸಪಾಟಾಗಿತ್ತು. ನಡುವೆ ಅಂಟಿಸಿದ ಕಾಗದದ ಮೇಲೆ ಆರ್ವಲ್ ಎಂದೋ ಮಾಡಿದ ಕಾಫಿ ಕಲೆ ಕೂಡ ಅಳಿಸಿರಲಿಲ್ಲ. ಡ್ಯೂಯಿ ಓಪಲ್‌ಳ ಕೈಗೆ ಮುತ್ತು ಕೊಟ್ಟ. ಪರೀಕ್ಷೆಗೆಂದು ಪ್ಲೇಯರಿಗೆ ಹಾಕಿ ನೋಡಿದರು. ಆದರೆ ಆ ಹಾಡು ಕಂಟ್ರಿಯೋ ಫೋಕೋ ಎಂದು ಓಪಲ್ ಮತ್ತು ರೂಡಿ ಎಷ್ಟು ಜೋರಾಗಿ ಕಿರುಚಾಡಿದರೆಂದರೆ, ಹಾಡಿನ ಒಂದು ಸ್ವರವೂ ಯಾರ ಕಿವಿಗೂ ಬೀಳಲಿಲ್ಲ.

ಸಂಜೆ ಆರ್ವಲ್‌ನ ಜಗಲಿಯಲ್ಲಿ ಬೀದಿಯೇ ನೆರೆದಿತ್ತು. ಓಪಲ್ ಮತ್ತು ರೂಡಿ ಕರೆಯದಿದ್ದರೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಆರ್ಲೀಟಾ ನಿಂಬೆ ಪಾನಕ ಹಂಚುತ್ತ ಡ್ಯೂಯಿಯ ಪಕ್ಕ ಬಂದಾಗ ಮೆಲ್ಲಗೆ, “ಬೆರಳಿಗೇನಾಯ್ತು?” ಎಂದಳು. “ಪೀಚ್ ಕುಯ್ಯೋವಾಗ,” ಎಂದ ಡ್ಯೂಯಿ. ಸುಟ್ಟ ಗಾಯ ಪೀಚ್ ಹಣ್ಣಿನಿಂದ ಹೇಗಾಗುತ್ತದೆ ಎಂದು ಯೋಚಿಸುತ್ತ ಅವಳು ಮುಂದೆ ಹೋದಳು.

ಒಳಗೆ ವೆಲ್ಮಾ ಮುಳ್ಳಿಟ್ಟಳು. ಆರ್ವಲ್ ಕಣ್ಣು ಮುಚ್ಚಿದ. “ಹೇಳಪ್ಪ.”

ಡ್ಯೂಯಿ ಎದ್ದು ನಿಂತು ಟೋಪಿ ತೆಗೆದ. ವಾದ್ಯಕ್ಕಿಂತ ಜೋರಾಗಿ ಅವನ ಎದೆ ಬಡಿಯುತ್ತಿತ್ತು. “ಸರ್, ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಓಲಾಟ. ಆ ಸ್ಟೀಲ್ ಗಿಟಾರು ಇದೆಯಲ್ಲ ಸರ್, ಕುಡಿದವನು ಕಾಲುವೆ ದಂಡೆ ಮೇಲೆ ನಡೆದ ಹಾಗೆ. ಇಗೋ ಈಗ ನೋಡಿ, ಬಿದ್ದ, ಬಿದ್ದ… ಬೀಳಲಿಲ್ಲ.”

ಸ್ಟೀಲ್ ಗಿಟಾರು ಆ ಹೊತ್ತಿಗೆ, ಭಾನುವಾರ ಚರ್ಚಿಗೆ ಹೊರಟ ಶಾಲಾ ಮಾಸ್ತರನಂತೆ, ಅತ್ತ ಇತ್ತ ನೋಡದೆ ನೆಟ್ಟಗೆ ನಡೆದುಹೋಯಿತು.

ತೂಗುಕುರ್ಚಿ ನಿಂತಿತು. ಆರ್ವಲ್ ಒಂದು ಕಣ್ಣು ತೆರೆದ. “ಎಲ್ಲಿ?”

“ಏನು ಸರ್?”

“ಓಲಾಟ ಎಲ್ಲಿ? ಕುಡಿದವನು ಎಲ್ಲಿ ಹೋದ?” ಇನ್ನೊಂದು ಕಣ್ಣೂ ತೆರೆಯಿತು. “ಇದು ನನ್ನ ರೆಕಾರ್ಡಲ್ಲ. ವೆಲ್ಮಾ, ಇವನು ಅದಲುಬದಲು ಮಾಡಿದಾನೆ.”

“ನಿಮ್ಮದೇ ರೀ, ಕಾಫಿ ಕಲೆ ಇದೆ,” ಎಂದಳು ವೆಲ್ಮಾ ಕಿಟಕಿಯಿಂದ. ಅವಳ ದನಿ ಯಾಕೋ ಸಣ್ಣಗಿತ್ತು.

ಡ್ಯೂಯಿಗೆ ಇನ್ನು ತಡೆಯಲಾಗಲಿಲ್ಲ. ಪೀಚ್, ಬಿಸಿಲು, ಹಪ್ಪಳ, ಓವನ್ನು, ಏಸು, ಮಿಸ್ ಓಪಲ್ ಕೂತದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿಬಿಟ್ಟ. “ನಾನು ಸೊಟ್ಟ ಮಾಡಿದ್ದನ್ನ ನಾನೇ ನೆಟ್ಟಗೆ ಮಾಡಿದೀನಿ ಸರ್. ಕ್ಷಮಿಸಿಬಿಡಿ.”

ಕಿಟಕಿಯ ಒಳಗೆ ವೆಲ್ಮಾ ಬಾಯಿಗೆ ಸೆರಗಿನಂತೆ ಅಡುಗೆಬಟ್ಟೆ ಒತ್ತಿಕೊಂಡು ಕುಲುಕುತ್ತಿದ್ದಳು. ಅಳುತ್ತಿದ್ದಾಳೆಂದು ಡ್ಯೂಯಿ ಭಾವಿಸಿದ.

“ನೀನು ಸೊಟ್ಟ ಮಾಡಿಲ್ಲ ಮಗು,” ಎಂದಳು ಕೊನೆಗೆ. ನಗು ಹತ್ತಿಕ್ಕಿ ಅವಳ ಕಣ್ಣಲ್ಲಿ ನೀರು ಬಂದಿತ್ತು. “ಆರ್ಲೀಟಾ ಹುಟ್ಟಿದ ದಿನ ಇವರು ಅದನ್ನ ಬಿಸಿಲಿಗೆ ಕಾರಲ್ಲೇ ಬಿಟ್ಟು ಆಸ್ಪತ್ರೆಯೊಳಗೆ ಓಡಿಬಂದ್ರು. ಅವತ್ತಿಂದ ಅದು ಸೊಟ್ಟನೇ. ನಾವು ಮಗುನ ಕರ್ಕೊಂಡು ಮನೆಗೆ ಬಂದ ದಿನ ಅದನ್ನ ಕೇಳಿ, ‘ವೆಲ್ಮಾ, ಇಷ್ಟು ದಿನ ಈ ಗಿಟಾರು ನನಗೆ ಅರ್ಥನೇ ಆಗಿರ್ಲಿಲ್ಲ, ಇವತ್ತು ಆಯ್ತು’ ಅಂತ ಅತ್ತರು. ಅಷ್ಟು ಸಂತೋಷದಲ್ಲಿದ್ದ ಮನುಷ್ಯನಿಗೆ ನಾನು ಏನಂತ ಹೇಳ್ಲಿ?”

ಎಲ್ಲರೂ ಆರ್ವಲ್‌ನ ಕಡೆ ತಿರುಗಿದರು. ಮಗಳ ವಯಸ್ಸಿನಷ್ಟು ಕಾಲ ಹೊಗಳಿದ್ದು ಒಂದು ಸೊಟ್ಟ ತಟ್ಟೆಯನ್ನು ಎಂದು ಅವನು ಒಪ್ಪಬೇಕಾಗಿತ್ತು. ಅವನ ಮುಖ ಕೆಂಪಾಯಿತು, ಬಿಳಿಯಾಯಿತು, ಆಮೇಲೆ ನ್ಯಾಯಾಧೀಶನದಾಯಿತು.

“ಆ ತಂಡದ ಹುಡುಗರು ಹಾಡಿದ್ದಕ್ಕೆ ಸೂರ್ಯನೇ ಬಂದು ಕೈಜೋಡಿಸಿದ್ದ,” ಎಂದ ಗಂಭೀರವಾಗಿ. “ಅದಕ್ಕೆ ಇವನು ಇಸ್ತ್ರಿ ಹಾಕಿದಾನೆ. ಕೇಳಯ್ಯ, ಅದು ಹೇಗಿತ್ತೋ ಹಾಗೆ ನನ್ನ ಕೈಗೆ ಬರಬೇಕು. ಆಮೇಲೆ ಮದುವೆ ಮಾತು.”

ಡ್ಯೂಯಿ ಆಸೆಯಿಂದ ಆರ್ಲೀಟಾಳನ್ನು ನೋಡಿದ. ಅವಳು ಪಾನಕದ ಜಗ್ಗನ್ನು ಸೊಂಟಕ್ಕೆ ಒತ್ತಿ ನಿಂತಿದ್ದಳು.

“ಒಂದು ಮಾತು ಡ್ಯೂಯಿ. ಗಿಟಾರು ನೆಟ್ಟಗೆ ಹೋಗ್ತಿದ್ದಾಗ್ಲೇ ಓಲಾಡ್ತಿದೆ ಅಂದ್ಯಲ್ಲ. ನೀನು ಆ ರೆಕಾರ್ಡನ್ನ ಒಂದು ಸಲನಾದ್ರೂ ಕೇಳಿದೀಯಾ?”

ಉತ್ತರಕ್ಕೆ ಕಾಯದೆ ಅವಳು ಒಳಗೆ ಹೋದಳು. ಬಾಗಿಲು ಹಾಕಿಕೊಂಡಿತು.

ವೆಲ್ಮಾ ಕಿಟಕಿಯಿಂದ ಕೊಟ್ಟ ತಟ್ಟೆಯನ್ನು ಡ್ಯೂಯಿ ಎದೆಗವಚಿಕೊಂಡು ಪಿಕಪ್ಪಿಗೆ ಓಡಿದ. ಮುಂದಿನ ಗಾಜಿನ ಕೆಳಗೆ ಅದನ್ನಿಟ್ಟು, ಗಾಡಿಯನ್ನು ಪಡುವಣಕ್ಕೆ ತಿರುಗಿಸಿ ನಿಲ್ಲಿಸಿ, ಕೈಕಟ್ಟಿ ಕೂತ. ಅತ್ತ ಬೆಟ್ಟದಲ್ಲಿ ಎಣ್ಣೆ ಪಂಪುಗಳು ಹೌದು ಹೌದು, ತಪ್ಪು ನಿನ್ನದೇ ಎನ್ನುವಂತೆ ತಲೆಯಾಡಿಸುತ್ತಿದ್ದವು. ಹಗಲೆಲ್ಲ ಊರನ್ನು ಹುರಿದ ಸೂರ್ಯ, ಈಗ ಇವನ ಮುಖ ಕಂಡು ಸರಸರನೆ ಬೆಟ್ಟದ ಹಿಂದೆ ಇಳಿದುಬಿಟ್ಟ. ನದಿಯ ಕಡೆಯಿಂದ ತಂಗಾಳಿ ಬೀಸಿತು. ರೆಕಾರ್ಡು ಮೇಜಿನಷ್ಟೇ ಸಪಾಟಾಗಿ ಮಲಗಿತ್ತು.

ಯಾರೋ ಕಿಟಕಿ ಬಡಿದರು. ಮಿಸ್ ಓಪಲ್. ಹಿಂದೆ ರೂಡಿ.

“ಓವನ್ನು ಇನ್ನೂ ಬಿಸಿ ಇದೆ ಮಗು,” ಎಂದಳು ಓಪಲ್. “ಎಷ್ಟು ಸೊಟ್ಟ ಬೇಕಂತೆ, ಕೇಳ್ಕೊಂಡು ಬಾ.”