ಡೈಮಂಡ್ ಅಂದರೆ ಹಾರ್ಟ್

ದಂತವೈದ್ಯರು ಒಂದು ದಿನ ತಡೆದು ಸತ್ತಿದ್ದರೆ ನಮ್ಮ ನಕ್ಷೆಗಾರನ ಕೆಲಸ ಉಳಿಯುತ್ತಿತ್ತೋ ಏನೋ. ಆದರೆ ಸಾವು ಯಾರ ಅನುಕೂಲ ಕೇಳಿಕೊಂಡು ಬರುತ್ತದೆ? ಮಧ್ಯಾಹ್ನ ಕ್ಲಬ್ಬಿನಲ್ಲಿ ಬ್ರಿಜ್ ಇಸ್ಪೀಟು ಪಂದ್ಯದ ಫೈನಲ್ ಇತ್ತು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಹಾಗೇ ದಂತವೈದ್ಯರು ಹೋಗಿಬಿಟ್ಟರು. ಆಟದಲ್ಲಿ ಅವರ ಜೋಡಿ ಎಂದರೆ ಕಟ್ಟಡ ಕಂಪನಿಯ ಯಜಮಾನರು.

"ಇವತ್ತೇ ಹೋಗ್ಬೇಕಿತ್ತಾ ಪುಣ್ಯಾತ್ಮ!" ಎಂದು ಯಜಮಾನರು ಕಣ್ಣೊರೆಸಿಕೊಂಡರು. ಅರ್ಧ ಅಳು ಸ್ನೇಹಿತನಿಗೆ, ಅರ್ಧ ಪಂದ್ಯದ ಕಪ್ಪಿಗೆ.

ಕಚೇರಿಯಲ್ಲಿ ಮೊದಲೇ ಸಾವಿನ ಮನೆಯ ಮೌನ. ಕಂಪ್ಯೂಟರ್ ಬಂದ ಮೇಲೆ ಇಬ್ಬರು ನಕ್ಷೆಗಾರರು ಬೇಕಿರಲಿಲ್ಲ. ಕಿಟಕಿ ಪಕ್ಕದ್ದಕ್ಕೆ ಎಲ್ಲರೂ ಮೇಲಿನ ಮೇಜು ಎನ್ನುತ್ತಿದ್ದರು, ಅದು ನಮ್ಮವನದು. ಬಾಗಿಲ ಪಕ್ಕದ್ದು ಕೆಳಗಿನ ಮೇಜು, ಅದು ಇನ್ನೊಬ್ಬನದು. ಒಬ್ಬರನ್ನು ತೆಗೆಯುತ್ತೇನೆ, ಯಾರನ್ನೆಂದು ಸಂಜೆ ಹೇಳುತ್ತೇನೆ ಎಂದಿದ್ದರು ಯಜಮಾನರು. ನಮ್ಮವನಿಗೋ ದಪ್ಪ ಕನ್ನಡಕ, ಮನೆಯಲ್ಲಿ ಹಾಸಿಗೆ ಹಿಡಿದ ಹೆಂಡತಿ. ಈ ವಯಸ್ಸಿನಲ್ಲಿ ಅವನನ್ನು ಕರೆದು ಕುರ್ಚಿ ಕೊಡುವವರು ಬೇರೆ ಯಾರೂ ಇರಲಿಲ್ಲ.

"ನಿಂಗೆ ಬ್ರಿಜ್ ಬರುತ್ತೆ ಅಂದಿದ್ದೆ ಅಲ್ವೇನಯ್ಯಾ?" ಎಂದರು ಯಜಮಾನರು ನಮ್ಮವನಿಗೆ.

ಯಾವತ್ತೋ ಮೆಚ್ಚಿಸಲು ಬಿಟ್ಟ ಬುರುಡೆ ಈಗ ಕೊರಳಿಗೆ ಬಂತು. "ಸ್ವಲ್ಪ ಸ್ವಲ್ಪ ಸಾರ್" ಎಂದ.

"ಸಾಕು. ನೀನು 'ಒಂದು ನೋಟ್ರಂಪ್' ಅಂತ, ಅಂದ್ರೆ ತುರುಫೇ ಬೇಡ ಅಂತ, ಕೂಗು ಶುರು ಮಾಡ್ದೆ ಅಂತಿಟ್ಕೋ. ನಾನು 'ಎರಡು ಡೈಮಂಡ್' ಅಂತೀನಿ. ನನ್ನ ಕೈಲಿ ಡೈಮಂಡ್ ಇರಲ್ಲ. ಅದರ ಮೇಲಿನ ಜಾತಿ, ಹಾರ್ಟ್ ಇರುತ್ತೆ. ನೀನು ಬಾಯಿ ಮುಚ್ಕೊಂಡು 'ಎರಡು ಹಾರ್ಟ್' ಅನ್ಬೇಕು."

"ಹಾರ್ಟ್ ಇದ್ರೆ ಹಾರ್ಟ್ ಅಂತಲೇ ಹೇಳ್ಬಹುದಲ್ಲ ಸಾರ್?"

"ಅದೇ ಒಪ್ಪಂದ ಕಣಯ್ಯಾ! ಕೆಳಗಿನದು ಹೇಳಿದ್ರೆ ಮೇಲಿನದು ಅಂತ ಅರ್ಥ. ಪಂದ್ಯ ಮುಗಿಯೋವರೆಗೂ ನಿಂಗೆ ಇದೇ ಅಭ್ಯಾಸ. ಎಲ್ಲಿ, ಆ ಕೆಳಗಿನ ಡ್ರಾಯರಿಂದ ಪೆನ್ಸಿಲ್ ತೆಗಿ."

ನಕ್ಷೆಗಾರ ಬಗ್ಗಿ ಕೆಳಗಿನ ಡ್ರಾಯರ್ ಎಳೆದ.

"ಮೇಲಿನದು!" ಎಂದು ಯಜಮಾನರು ಹಣೆ ಚಚ್ಚಿಕೊಂಡರು.

ಹೊರಗೆ ಬಂದರೆ ಬುದ್ಧಿ ಹೇಳುವವರ ಸಾಲು. "ನೆಟ್ಟಗೆ ಆಡಿದ್ರೆ ಕೆಲ್ಸ ಉಳಿಯುತ್ತೆ ನೋಡು" ಎಂದ ಲೆಕ್ಕಿಗ. ಟೈಪಿಸ್ಟ್ ಅಕ್ಕ ಅವನನ್ನು ಮೂಲೆಗೆ ಎಳೆದಳು. "ಹುಚ್ಚಪ್ಪ, ಯಜಮಾನರು ಡೈಮಂಡ್ ಅಂದ್ರೆ ಹಾರ್ಟ್ ಅನ್ನೋಕೆ ನೀನ್ಯಾರು? ಕೆಲ್ಸದಿಂದ ತೆಗೆಯೋ ದಿನವೇ ಎದುರುತ್ತರಾನಾ? ಏನಂದ್ರೂ ತೆಪ್ಪಗೆ ಒಪ್ಕೊಂಬಿಡು."

ಕ್ಲಬ್ಬಿನಲ್ಲಿ ಅವನಿಗೆ ಸಿಕ್ಕಿದ್ದು ಸತ್ತವರ ಕುರ್ಚಿ. ಮೆತ್ತೆ ಇನ್ನೂ ದಂತವೈದ್ಯರ ಆಕಾರದಲ್ಲೇ ತಗ್ಗಿತ್ತು. ಎದುರಾಳಿಗಳು ನಿವೃತ್ತ ಜಡ್ಜ್ ಮತ್ತು ಅವರ ಹೆಂಡತಿ. ಹೇಗೋ ಉರುಳಿಕೊಂಡು ಆಟ ಕೊನೆಯ ಹಂಚಿಕೆಗೆ ಬಂತು. ನಕ್ಷೆಗಾರನಿಗೆ ರಾಜ ರಾಣಿಯರೆಲ್ಲ ಬಂದಿದ್ದರು.

"ಒಂದು ನೋಟ್ರಂಪ್" ಎಂದ.

ಜಡ್ಜ್ ಪಾಸ್ ಎಂದರು. ಯಜಮಾನರು ಅವನನ್ನೇ ದಿಟ್ಟಿಸಿ, ಒಂದೊಂದೇ ಅಕ್ಷರ ಜಗಿದು ಹೇಳಿದರು: "ಎರಡು ಡೈಮಂಡ್." ಜಡ್ಜ್ ಹೆಂಡತಿಯೂ ಪಾಸ್ ಎಂದರು.

ಹಾರ್ಟ್ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಕಣ್ಣು ನೋಡಿ ಅವನ ಜೀವ ಬಾಯಿಗೆ ಬಂತು. ಟೈಪಿಸ್ಟ್ ಅಕ್ಕನ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಎದುರುತ್ತರಾನಾ?

"ಪಾಸ್" ಎಂದ, ವಿನಯದಿಂದ ಬಾಗಿ.

ಜಡ್ಜ್ ಮತ್ತೆ ಪಾಸ್ ಎಂದರು; ಅಲ್ಲಿಗೆ ಕೂಗು ಮುಗಿದು, ಕೊನೆಗೆ ಕೂಗಿದ ಜಾತಿಯೇ ತುರುಫಾಯಿತು. ಆರು ಹಾರ್ಟು, ಒಂದೇ ಒಂದು ಡೈಮಂಡ್ ಹಿಡಿದಿದ್ದ ಯಜಮಾನರು ಡೈಮಂಡನ್ನೇ ತುರುಫು ಮಾಡಿಕೊಂಡು ಆಡಬೇಕಾಯಿತು. ಎದುರಾಳಿಗಳು ಅವರ ಪಟ್ಟುಗಳನ್ನು ಒಂದೊಂದಾಗಿ ಕಿತ್ತುಕೊಂಡರು.

"ದಂತವೈದ್ಯರಾಗಿದ್ರೆ ಇಷ್ಟು ನೋವಾಗ್ತಿರ್ಲಿಲ್ಲ" ಎಂದರು ಜಡ್ಜ್ ಹೆಂಡತಿ, ಮರುಕದಿಂದ.

ಕಾರಿನಲ್ಲಿ ದಾರಿಯುದ್ದಕ್ಕೂ ಸಹಸ್ರನಾಮ. "ಹೇಳಿದ್ದೇ ಅರ್ಥ ಅನ್ಕೊಂಡ್ಯಲ್ಲೋ ದಡ್ಡ! ಕೆಳಗಿನದು ಹೇಳಿದ್ರೆ ಮೇಲಿನದು! ಸಾಯೋವರೆಗೂ ನೆನಪಿಟ್ಕೋ!"

ಸಂಜೆ ಎಲ್ಲರನ್ನೂ ನಿಲ್ಲಿಸಿಕೊಂಡು ಯಜಮಾನರು ದಣಿದ ದನಿಯಲ್ಲಿ ಹೇಳಿದರು: "ಕೆಳಗಿನ ಮೇಜಿನೋರು ನಾಳೆಯಿಂದ ಬರೋದು ಬೇಡ."

ಬಾಗಿಲ ಪಕ್ಕದವನು ಬಿಕ್ಕಿ ಬಿಕ್ಕಿ ಅತ್ತ. ನಮ್ಮ ನಕ್ಷೆಗಾರನ ಎದೆ ಮಾತ್ರ ಕಲ್ಲಾಯಿತು. ಈ ಸಲ ಅವನು ತಪ್ಪಲಿಲ್ಲ. ಕೆಳಗಿನ ಮೇಜು ಎಂದರೆ ಮೇಲಿನ ಮೇಜು.

"ಗೊತ್ತಾಯ್ತು ಸಾರ್!" ಎಂದು ಸ್ಕೇಲನ್ನು ನೆಲಕ್ಕೆಸೆದ. "ಮುಖ ನೋಡಿ ಹೇಳೋ ಧೈರ್ಯ ಇಲ್ದೆ ಇಲ್ಲೂ ಅದೇ ಆಟಾನಾ? ನಾನೇ ಹೋಗ್ತೀನಿ, ನಿಮ್ಮ ಕೆಲ್ಸ ನೀವೇ ಇಟ್ಕೊಳ್ಳಿ! ಇಷ್ಟು ವರ್ಷ ದಂತವೈದ್ಯರು ನಿಮ್ಮನ್ನ ಹೊತ್ಕೊಂಡು ಗೆಲ್ಲಿಸಿದ್ರು. ನಿಮ್ಮ ಜೊತೆ ಇನ್ನೊಂದು ಆಟ ಆಡೋದಕ್ಕಿಂತ ಸಾಯೋದೇ ವಾಸಿ ಅಂತ ಹೋಗ್ಬಿಟ್ರು!"

ಯಜಮಾನರ ಮುಖ ಬಿಳಿಚಿಕೊಂಡಿತು.

"ನಾನು ಹೇಳಿದ್ದು ಅವನಿಗೇ ಕಣಯ್ಯಾ" ಎಂದರು ಮೆಲ್ಲಗೆ. "ಆಟ ಬರದಿದ್ರೇನು, ನಿನ್ನ ಗೆರೆ ನೆಟ್ಟಗಿರುತ್ತೆ ಅಂತ ನಿನ್ನನ್ನ ಉಳಿಸ್ಕೊಂಡಿದ್ದೆ. ಪಂದ್ಯ ಮುಗಿದ ಮೇಲೆ ಒಪ್ಪಂದ ಎಲ್ಲಿಂದ ಬಂತು?"

ಆಮೇಲೆ ಅಳುತ್ತಿದ್ದವನ ಕಡೆ ತಿರುಗಿದರು. "ಕಣ್ಣೊರೆಸ್ಕೋ. ನಿಂಗೆ ಬ್ರಿಜ್ ಬರುತ್ತಾ?"

"ಇಲ್ಲ ಸಾರ್."

"ಬಚಾವಾದೆ. ನಾಳೆಯಿಂದ ಮೇಲಿನ ಮೇಜಲ್ಲಿ ಕೂತ್ಕೋ."

ನಕ್ಷೆಗಾರ ಮನೆ ಸೇರಿದಾಗ ಹೆಂಡತಿ ದಿಂಬಿನಿಂದ ತಲೆ ಎತ್ತಿದಳು. ದಿನವಿಡೀ ಅದನ್ನೇ ಕಾಯುತ್ತಿದ್ದಳು ಪಾಪ. "ಯಾರನ್ನ ತೆಗೆದ್ರು, ರೀ?"

ಅವನು ಚಪ್ಪಲಿ ಬಿಟ್ಟು, ಅವಳ ಹೊದಿಕೆ ಸರಿಮಾಡಿದ. ಆಮೇಲೆ ಹೇಳಿದ: "ಕೆಳಗಿನ ಮೇಜಿನೋನನ್ನ."

ಒಪ್ಪಂದದ ವಿಷಯ ಅವಳಿಗೇನು ಗೊತ್ತು? "ಅಬ್ಬಾ, ಬದುಕಿದ್ವಿ" ಎಂದು ಮಗ್ಗುಲು ಬದಲಿಸಿ ಮಲಗಿದಳು.