ಹೇಳದೆ ಕೇಳದೆ ರಜೆ ಹಾಕಿದ ಥೈರಾಯ್ಡಿಗೆ, ಚಹಾದಂಗಡಿಯಿಂದ

ನನ್ನ ಕೊರಳಲ್ಲಿ ಬಾಡಿಗೆಯಿಲ್ಲದೆ ವಾಸವಾಗಿರುವ ಥೈರಾಯ್ಡ್ ಗ್ರಂಥಿ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ಗಂಗಾವತಿಯಿಂದ ಮರಳಿಗೆ ಹೋಗುವ ರಸ್ತೆಯಲ್ಲಿ ಚಹಾದಂಗಡಿ ನಡೆಸುವ ಶಿವಲೀಲಾ ಎಂಬ ನಾನು ತಲೆಬಾಗಿ ನಮಸ್ಕರಿಸಬೇಕೆಂದಿದ್ದೆ. ಆದರೆ ನಾನು ಬಾಗಿದರೆ ಕುತ್ತಿಗೆಯಲ್ಲಿರುವ ತಮಗೇ ಇಕ್ಕಟ್ಟಾದೀತೆಂದು ನೆಟ್ಟಗೆ ಕುಳಿತು ಬರೆಯುತ್ತಿದ್ದೇನೆ, ಕ್ಷಮಿಸಬೇಕು.

ತಾವು ಕೆಲಸ ನಿಲ್ಲಿಸಿದ ಸುದ್ದಿ ನನಗೆ ತಿಳಿದದ್ದು, ಮುಖ ಊದಿ, ಕೂದಲು ಬಾಚಣಿಗೆಯ ಪಾಲಾಗಿ, ನಿಂತಲ್ಲೇ ತೂಕಡಿಕೆ ಬಂದು, ಗಿರಾಕಿಗಳು ಒಬ್ಬೊಬ್ಬರೇ ಎದುರಿನ ಅಂಗಡಿಗೆ ಜಾರತೊಡಗಿದ ಮೇಲೆ. ಕೊಪ್ಪಳದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಟಿಎಸ್‌ಎಚ್ ಏರಿದೆ ಎಂದಾಗ, ಏರಿಕೆ ಒಳ್ಳೆಯದೇ ಇರಬೇಕೆಂದು ಹಿಗ್ಗಿದೆ. ಅದು ತಮಗೆ ಮೆದುಳಿನಿಂದ ಬರುವ ತಾಕೀತು, ತಾವು ಮಲಗಿದಷ್ಟೂ ತಾಕೀತು ಜೋರಾಗುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಮೇಲಿನವರಿಗೂ ಜಗ್ಗದ ತಮ್ಮ ಧೈರ್ಯ ಮೆಚ್ಚತಕ್ಕದ್ದು.

ಪಕ್ಕದ ಬಳೆ ಅಂಗಡಿಯ ದಾವಲಬೀಯ ಗ್ರಂಥಿ ಅತಿಯಾಗಿ ದುಡಿಯುತ್ತದಂತೆ. ಅವಳಿಗೆ ಗುಳಿಗೆ, ಅಯೋಡಿನ್ ಔಷಧಿ, ಆಪರೇಷನ್ ಎಂದು ಮೂರು ದಾರಿ ತೋರಿಸಿದ್ದರು. ನನಗೇಕೆ ಗುಳಿಗೆಯೊಂದೇ ಎಂದು ನಾನೂ ಆಪರೇಷನ್ನಿಗೆ ಹಟ ಹಿಡಿದೆ. ಓಡುವ ಎತ್ತಿಗೆ ಮೂಗುದಾರ, ಮಲಗಿದ ಎತ್ತಿಗೆ ಅದೇಕಮ್ಮ ಎಂದ ಡಾಕ್ಟರು, ನನ್ನ ಪಾಲಿಗೆ ತಮ್ಮ ಬದಲು ದುಡಿಯುವ ಒಂದು ಗುಳಿಗೆಯೇ ಸಾಕು, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ ಒಂದು ತಾಸು ಚಹಾ ಮುಟ್ಟಬಾರದು ಎಂದರು.

ಚಹಾದಂಗಡಿಯವಳಿಗೆ ಈ ಮಾತು! ನಮ್ಮತ್ತೆ ವಿರೂಪಾಕ್ಷಮ್ಮನವರ ಕಾಲದಿಂದಲೂ ಗಲ್ಲಾದ ಮೇಲೆ ಕೂತವರು ರುಚಿ ನೋಡದೆ ಮೊದಲ ಕಪ್ಪು ಗಿರಾಕಿಯ ಕೈಗೆ ಹೋಗುವುದಿಲ್ಲ. ಆದರೂ ನಾನು ಡಾಕ್ಟರ ಮಾತು ಮೀರಲಿಲ್ಲ. ಚಹಾ ಕುಡಿಯದೆ ಬರೀ ರುಚಿ ನೋಡಿದೆ, ರುಚಿ ತಿಳಿಯದಿದ್ದರೆ ಇನ್ನೊಂದು ಗುಟುಕು ನೋಡಿದೆ. ಮುಂದಿನ ಪರೀಕ್ಷೆಯಲ್ಲೂ ತಾಕೀತು ಇಳಿಯದಿದ್ದಾಗ, ಚಹಾ ಕುಡಿದಿಲ್ಲವೆಂದು ಹುಲಿಗೆಮ್ಮನ ಆಣೆ ಮಾಡಿದೆ. ಹಾಗಾದರೆ ಚಹಾ ಹದವಾಗಿದೆಯೆಂದು ಹೇಗೆ ಗೊತ್ತಾಗುತ್ತದೆ ಎಂದು ಡಾಕ್ಟರು ಕೇಳಿದರು, ರುಚಿ ನೋಡಿಯೇ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಅಂದಿನಿಂದ ರುಚಿ ನೋಡುವ ಅಧಿಕಾರ ನಮ್ಮ ಯಜಮಾನರಾದ ಕಲ್ಲೇಶರ ಪಾಲಾಯಿತು. ಅವರು ದಿನಾ ಕುಡಿದು "ಭಾಳ ಛಲೋ ಐತಿ" ಎಂದು ತಲೆಯಾಡಿಸುತ್ತಿದ್ದರು. ಗುಳಿಗೆಯೂ ನನಗೆ ಹತ್ತಿತು, ಮುಖದ ಊತ ಇಳಿಯಿತು. ಕಳೆದ ಮಂಗಳವಾರ, ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಗೆ ಹೋಗುವವರ ಗದ್ದಲ ಮುಗಿದ ಮೇಲೆ ನಮ್ಮ ಚಹಾ ಬಾಯಿಗಿಟ್ಟೆ, ಮಾನ್ಯರೇ, ಜಿಲೇಬಿಯ ಪಾಕ ಕುಡಿದಂತಾಯಿತು! ತಾವು ರಜೆ ಹೋಗುವಾಗ ನನ್ನ ನಾಲಿಗೆಯ ರುಚಿಯನ್ನೂ ಒಯ್ದಿದ್ದಿರಿ, ನಾನು ಸಕ್ಕರೆ ಏರಿಸುತ್ತಲೇ ಬಂದಿದ್ದೆ. ಗಿರಾಕಿಗಳು ಹೋದದ್ದೇಕೆಂದು ಆಗ ತಿಳಿಯಿತು. ಲಾರಿ ಓಡಿಸುವ ಹೈದರಸಾಬರು ಮಾತ್ರ ಬಿಡದೆ ಬಂದು ಅದನ್ನೇ ಕುಡಿದಿದ್ದರು. ಯಾಕೆ ಹೇಳಲಿಲ್ಲವೆಂದು ಕೇಳಿದರೆ, "ಅಕ್ಕಾರ, ನಿಮ್ಮ ಮಾರಿ ನೋಡಿ ಹೇಳಾಕ ಮನಸಾಗ್ಲಿಲ್ರಿ" ಎಂದರು. ನನ್ನ ಗಂಟಲು ಕಟ್ಟಿತು. ಇದರಲ್ಲಿ ಮಾತ್ರ ತಮ್ಮ ಕೈವಾಡವೇನೂ ಇಲ್ಲ.

ಆದ್ದರಿಂದ ತಾವು ಕೂಡಲೇ ಕೆಲಸಕ್ಕೆ ಮರಳಬೇಕು. ಅದಾಗದಿದ್ದರೆ ಬಿಟ್ಟುಹೋದ ಗಿರಾಕಿಗಳ ಮನೆಮನೆಗೆ ಖುದ್ದು ಹೋಗಿ, ಪಾಕ ಕುಡಿಸಿದ್ದು ತಾವೇ ಎಂದು ಒಪ್ಪಿಕೊಂಡು ಅವರನ್ನು ಕರೆತರಬೇಕು. ಅಲ್ಲಿಯವರೆಗೆ ತಮ್ಮ ಬದಲಿಗೆ ಬಂದ ಗುಳಿಗೆಯೇ ಖಾಯಂ.

ತಮ್ಮನ್ನು ಹೊತ್ತು ತಿರುಗುವ,
ತಮ್ಮ ವಿಶ್ವಾಸಿ,
ಶಿವಲೀಲಾ

ತಾ.ಕ.: ಅಷ್ಟು ದಿನ ಪಾಕ ಕುಡಿದು ಛಲೋ ಐತಿ ಎಂದ ಯಜಮಾನರನ್ನು ನಾಳೆ ಕೊಪ್ಪಳಕ್ಕೆ ರಕ್ತ ಪರೀಕ್ಷೆಗೆ ಕರೆದೊಯ್ಯುತ್ತಿದ್ದೇನೆ. ಅವರ ಕೊರಳಲ್ಲಿರುವ ತಮ್ಮ ಬಂಧುಗಳೂ ಮಲಗಿದ್ದರೆ ಗುಳಿಗೆ ಕೊಡಿಸುತ್ತೇನೆ. ಎಚ್ಚರವಾಗಿಯೇ ಇದ್ದರೆ, ಯಜಮಾನರು ನನಗೆ ಹೆದರಿ ಸುಳ್ಳು ಹೇಳಿದ್ದೆಂದು ಖಾತ್ರಿಯಾಗುತ್ತದೆ. ಆ ಕಾಯಿಲೆಗೆ ಔಷಧಿ ನನ್ನ ಬಳಿಯೇ ಇದೆ.